ಎಂಐಸಿಆರ್: ಚೆಕ್ಕಿನ ಚಿತ್ರದಿಂದ ಓದಲಾಗದ್ದು

ಸ್ಕ್ಯಾನ್ ಮಾಡಿದ ಚೆಕ್‌ಗಳನ್ನು ದಾಖಲೆ ನಿರ್ವಹಣಾ ತಂತ್ರಾಂಶಕ್ಕೆ ಸೇರಿಸುವ ವಿಧಾನವನ್ನು ವಿವರಿಸುವವರು ‘ಪಿಡಿಎಫ್‌ನಿಂದ ಎಂಐಸಿಆರ್ ಓದಿಸಿ’ ಎಂದು ಬರೆಯುವುದು ಈಗ ರೂಢಿಯೇ ಆಗಿಬಿಟ್ಟಿದೆ. ಎಂಐಸಿಆರ್ ಎಂದರೆ ಕಾಂತೀಯ ಶಾಯಿಯಲ್ಲಿ ಮುದ್ರಿಸಿದ ಅಕ್ಷರಗಳನ್ನು ಅವುಗಳ ಕಾಂತತ್ವದಿಂದಲೇ ಗುರುತಿಸುವ ಕ್ರಮ. ಆ ಶಾಯಿ ಇರುವುದು ಕಾಗದದ ಮೇಲೆ. ಪಿಡಿಎಫ್‌ನಲ್ಲಾಗಲಿ ಟಿಫ್ ಎಂಬ ಚಿತ್ರ ಕಡತದಲ್ಲಾಗಲಿ ಉಳಿಯುವುದು ಅಂಕೆಗಳ ಆಕಾರ ಮಾತ್ರವಾದ್ದರಿಂದ, ಅಲ್ಲಿಂದ ತಂತ್ರಾಂಶ ಓದುವುದೆಲ್ಲವೂ ಓಸಿಆರ್, ಅಂದರೆ ಆಕಾರ ನೋಡಿ ಅಕ್ಷರ ಗುರುತಿಸುವ ಕ್ರಮ. ಅದಕ್ಕೆ ಎಂಐಸಿಆರ್ ಎಂಬ ಹೆಸರು ಸಲ್ಲುವುದಿಲ್ಲ.

ಚೆಕ್ಕಿನ ತಳದ ಪಟ್ಟಿಯಲ್ಲಿ ಕಾಣುವ, ಅಲ್ಲಲ್ಲಿ ದಪ್ಪವಾಗಿ ಉಬ್ಬಿದಂತಿರುವ ಅಂಕೆಗಳ ಅಚ್ಚಿಗೆ ಇ-13ಬಿ ಎಂದು ಹೆಸರು. 1950ರ ದಶಕದಲ್ಲಿ ಬ್ಯಾಂಕ್ ಆಫ್ ಅಮೆರಿಕಾಕ್ಕಾಗಿ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆ ಚೆಕ್ ಸಂಸ್ಕರಣೆಯ ಯಂತ್ರವನ್ನು ರೂಪಿಸಿದ ಕಾಲದ ಕೆಲಸಕ್ಕೆ ಇದರ ಮೂಲ ಸೇರುತ್ತದೆ. ಇದರಲ್ಲಿರುವುದು ಹತ್ತು ಅಂಕೆಗಳು ಮತ್ತು ನಾಲ್ಕು ಚಿಹ್ನೆಗಳು, ಒಟ್ಟು 14. ಆ ಉಬ್ಬುಗಳು ಅಲಂಕಾರಕ್ಕಾಗಿ ಇಟ್ಟವಲ್ಲ. ಯಂತ್ರವು ಮೊದಲು ಶಾಯಿಯನ್ನು ಕಾಂತೀಕರಿಸಿ, ಅನಂತರ ಅದನ್ನು ಓದುವ ತಲೆಯ ಕೆಳಗೆ ಸರಿಸುವಾಗ ಒಂದೊಂದು ಅಂಕೆಯೂ ತನ್ನದೇ ಆದ ವಿದ್ಯುತ್ ಅಲೆಯನ್ನು ಎಬ್ಬಿಸಬೇಕು ಎಂಬ ಉದ್ದೇಶದಿಂದಲೇ ಶಾಯಿಯನ್ನು ಹಾಗೆ ಹಂಚಲಾಗಿದೆ. ಸಹಿಯ ಬಾಲ ಆ ಪಟ್ಟಿಯವರೆಗೆ ಇಳಿದಿದ್ದರೂ, ರಬ್ಬರ್ ಮೊಹರು ಅಂಕೆಯ ಮೇಲೆಯೇ ಬಿದ್ದಿದ್ದರೂ ಯಂತ್ರಕ್ಕೆ ಸಾಮಾನ್ಯವಾಗಿ ತೊಂದರೆಯಿಲ್ಲ, ಏಕೆಂದರೆ ಮಾಮೂಲಿ ಶಾಯಿಯಲ್ಲಿ ಕಾಂತತ್ವವಿಲ್ಲ. ಅದೇ ಚೆಕ್ಕನ್ನು ಕಪ್ಪು-ಬಿಳುಪಿನಲ್ಲಿ ಸ್ಕ್ಯಾನ್ ಮಾಡಿದರೆ ಸಹಿ, ಮೊಹರು, ಅಂಕೆ ಮೂರೂ ಒಂದೇ ಕಪ್ಪಾಗಿ ಬೆಸೆದುಕೊಳ್ಳುತ್ತವೆ. ಓಸಿಆರ್ ತಡವರಿಸುವುದು ಅಲ್ಲಿಯೇ.

‘ಹೆಸರಿನಲ್ಲೇನಿದೆ, ಅಂಕೆ ಸರಿಯಾಗಿ ಬಂದರೆ ಸಾಕಲ್ಲವೇ’ ಎನ್ನುವವರಿಗೆ ಇಷ್ಟು ಹೇಳಬೇಕಾಗುತ್ತದೆ: ಕಾಂತತ್ವವಿಲ್ಲದ ಸಾಮಾನ್ಯ ಟೋನರಿನಲ್ಲಿ ತೆಗೆದ ನೆರಳಚ್ಚು ಪ್ರತಿಯನ್ನು ಕಾಂತೀಯ ಯಂತ್ರ ಓದಲಾರದು, ಓಸಿಆರ್ ಸಲೀಸಾಗಿ ಓದುತ್ತದೆ. ಹೀಗಿರುವಾಗ ಚಿತ್ರದಿಂದ ಬಂದ ಅಂಕೆಗಳನ್ನು ‘ಎಂಐಸಿಆರ್’ ಎಂಬ ಅಂಕಣದಲ್ಲಿ ತುಂಬಿಟ್ಟರೆ, ನಡೆಯದ ಪರೀಕ್ಷೆಯೊಂದು ನಡೆದಿದೆಯೆಂದು ಮುಂದೆ ಆ ದಾಖಲೆಯನ್ನು ತೆರೆಯುವವರು ನಂಬುತ್ತಾರೆ. ಅಂಕಣಕ್ಕೆ ‘ಸಂಕೇತ ಸಾಲು’ ಎಂಬ ಹೆಸರು ಕೊಟ್ಟು, ಅದು ಕಾಂತೀಯ ಓದಿನಿಂದ ಬಂದದ್ದೋ ಚಿತ್ರದಿಂದ ಬಂದದ್ದೋ ಎಂಬುದನ್ನು ಪಕ್ಕದ ಅಂಕಣದಲ್ಲಿ ದಾಖಲಿಸುವುದು ಸರಿಯಾದ ಕ್ರಮ.

ನಿಜವಾದ ಎಂಐಸಿಆರ್ ಬೇಕೆಂದರೆ ಕಾಂತೀಯ ತಲೆಯಿರುವ ಚೆಕ್ ಸ್ಕ್ಯಾನರ್ ಬೇಕು. ಅದು ಓದಿದ ಸಾಲನ್ನು ಅನೇಕ ವ್ಯವಸ್ಥೆಗಳು ಚಿತ್ರದಿಂದ ಪ್ರತ್ಯೇಕವಾಗಿ, ಸಿಎಸ್‌ವಿಯಂಥ (ಅಲ್ಪವಿರಾಮದಿಂದ ಅಂಕಣಗಳನ್ನು ಬೇರ್ಪಡಿಸುವ ಪಠ್ಯ) ಕಡತದಲ್ಲಿ ಕೊಡುತ್ತವೆ. ಚಿತ್ರಕ್ಕೂ ಸಾಲಿಗೂ ಗಂಟು ಹಾಕಬೇಕಾದದ್ದು ಕಡತದ ಹೆಸರಿನಿಂದ, ಸರತಿಯಿಂದಲ್ಲ; ಸರತಿಯನ್ನು ನಂಬಿದರೆ, ನಡುವೆ ಒಂದು ಹಿಂಬದಿಯ ಚಿತ್ರ ತಪ್ಪಿಹೋದರೂ ಮುಂದಿನ ಅಂಕೆಗಳೆಲ್ಲ ಬೇರೆಯವರ ಚೆಕ್ಕಿಗೆ ಅಂಟಿಕೊಳ್ಳುತ್ತವೆ. ಸಿಎಸ್‌ವಿಯನ್ನು ‘ಒಮ್ಮೆ ನೋಡಿಬಿಡೋಣ’ ಎಂದು ಎಕ್ಸೆಲ್‌ನಲ್ಲಿ ತೆರೆದು ಉಳಿಸುವವರೂ ಇದ್ದಾರೆ. ಹಾಗೆ ಮಾಡಿದಾಗ ಸಾಮಾನ್ಯವಾಗಿ 004217 ಎಂಬ ಚೆಕ್ ಸಂಖ್ಯೆ 4217 ಆಗುತ್ತದೆ, ಬ್ಯಾಂಕನ್ನು ಗುರುತಿಸುವ ಅಮೆರಿಕದ ಒಂಬತ್ತು ಅಂಕೆಗಳ ರೂಟಿಂಗ್ ಸಂಖ್ಯೆ ಸೊನ್ನೆಯಿಂದ ಶುರುವಾಗಿದ್ದರೆ ಎಂಟಕ್ಕೆ ಇಳಿಯುತ್ತದೆ. ಈ ಅಂಕಣಗಳನ್ನು ಆಮದಿನ ವ್ಯವಸ್ಥೆಯಲ್ಲಿ ಸಂಖ್ಯೆಯೆಂದಲ್ಲ, ಪಠ್ಯವೆಂದೇ ಘೋಷಿಸಬೇಕು.