ಪದ ಪರಿಚಯ: ಭ್ರೂಣಹತ್ಯೆ

ವೈದ್ಯರ ಸಲಹೆ ಪಡೆದು, ಕಾನೂನಿನ ಮಿತಿಯೊಳಗೇ ಗರ್ಭ ತೆಗೆಸಿಕೊಂಡವಳ ಸುದ್ದಿಗೂ ‘ಭ್ರೂಣಹತ್ಯೆ’ ಎಂದು ತಲೆಬರಹ ಕೊಡುವುದು ಈಗ ರೂಢಿಯಾಗಿಬಿಟ್ಟಿದೆ. ಟಿ.ವಿ. ಚರ್ಚೆಗಳಲ್ಲಂತೂ ಗರ್ಭಸ್ರಾವ, ಗರ್ಭಪಾತ, ಭ್ರೂಣಹತ್ಯೆ ಮೂರೂ ಒಂದೇ ಉಸಿರಿನಲ್ಲಿ ಬಂದುಹೋಗುತ್ತವೆ.

ಮೊದಲೆರಡರ ತಕರಾರು ಸಣ್ಣದು. ಸ್ರಾವ ಎಂದರೆ ಸೋರುವುದು, ಪಾತ ಎಂದರೆ ಬೀಳುವುದು. ನಾಲ್ಕನೇ ತಿಂಗಳವರೆಗೆ ಆದರೆ ಸ್ರಾವ, ಐದು-ಆರನೇ ತಿಂಗಳಲ್ಲಾದರೆ ಪಾತ ಎಂದು ಆಯುರ್ವೇದ ಬೇರೆ ಮಾಡಿತ್ತು. ತಾನಾಗಿ ಆದದ್ದೋ ಮಾಡಿಸಿದ್ದೋ ಎಂಬುದು ಈ ಪದಗಳಲ್ಲಿಲ್ಲ, ನಮ್ಮ ಕ್ರಿಯಾಪದದಲ್ಲಿದೆ: ‘ಅಬಾರ್ಷನ್ ಆಯ್ತು’ ಒಂದು, ‘ಮಾಡಿಸಿಕೊಂಡ್ಲು’ ಇನ್ನೊಂದು. ಮನೆಮಾತಿನಲ್ಲಿ ಯಾರೂ ತಪ್ಪದ ಈ ವ್ಯತ್ಯಾಸ ಅಚ್ಚಿಗೆ ಬರುವಾಗ ಮಾತ್ರ ಕಾಣೆಯಾಗುತ್ತದೆ.

ಭ್ರೂಣಹತ್ಯೆಯ ಹುಟ್ಟು ಹೆಚ್ಚು ವಿಚಿತ್ರ. ಭ್ರೂಣ ಶಬ್ದವನ್ನು ‘ಹೊರು’ ಎಂಬರ್ಥದ ‘ಭೃ’ ಧಾತುವಿಗೆ ಜೋಡಿಸುತ್ತಾರೆ. ಧರ್ಮಸೂತ್ರಗಳಲ್ಲಿ ‘ಭ್ರೂಣಹಾ’ ಘೋರ ಪಾತಕಿ. ಯಾರನ್ನು ಕೊಂದವನು? ವಸಿಷ್ಠ ಧರ್ಮಸೂತ್ರ ಬ್ರಾಹ್ಮಣನನ್ನು ಕೊಂದವನಿಗೇ ಆ ಹೆಸರಿಡುತ್ತದೆ. ಜೊತೆಗೆ, ಹೆಣ್ಣೋ ಗಂಡೋ ತಿಳಿಯದ ಗರ್ಭವನ್ನು ಕೊಂದವನನ್ನೂ ಸೇರಿಸುತ್ತದೆ. ಕಾರಣವೂ ಅಲ್ಲೇ ಇದೆ: ತಿಳಿಯದ ಗರ್ಭ ಗಂಡಾಗುತ್ತದೆ! ಗಂಡು ಕಳೆದುಹೋದೀತೆಂಬ ಆತಂಕ ಹೊತ್ತಿದ್ದ ಪದ, ಇಂದು ಹೆಣ್ಣೆಂದು ತಿಳಿದುಕೊಂಡೇ ತೆಗೆಸುವುದಕ್ಕೆ ಹೆಸರಾಗಿದೆ.

ಈ ಇಂದಿನ ಅರ್ಥಕ್ಕೆ ನನ್ನ ಆಕ್ಷೇಪವಿಲ್ಲ. 2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ನಡೆಸುತ್ತಿದ್ದ ದಂಧೆ ಬಯಲಾದಾಗ ಪತ್ರಿಕೆಗಳು ‘ಹೆಣ್ಣು ಭ್ರೂಣಹತ್ಯೆ’ ಎಂದು ಬರೆದದ್ದು ಸರಿಯೇ. ಅಂಥದ್ದನ್ನು ತಡೆಯಲೆಂದೇ 1994ರ ಕಾಯ್ದೆ ಬಂದದ್ದು. ಆದರೆ ಅದು ನಿಷೇಧಿಸುವುದು ಲಿಂಗ ಪತ್ತೆಯನ್ನು. ಸ್ಕ್ಯಾನಿಂಗ್ ಸೆಂಟರಿನ ಬೋರ್ಡು ನೋಡಿ ‘ಗರ್ಭಪಾತವೇ ಅಪರಾಧ’ ಎಂದುಕೊಳ್ಳುವವರು ಬೋರ್ಡನ್ನು ಪೂರ್ತಿ ಓದಿರುವುದಿಲ್ಲ.

ಗರ್ಭಪಾತದ ಕಾಯ್ದೆ 1971ರದು, ಬೇರೆಯೇ. 2021ರ ತಿದ್ದುಪಡಿಯಂತೆ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಅತ್ಯಾಚಾರಕ್ಕೊಳಗಾದವರು, ಅಪ್ರಾಪ್ತರು ಮುಂತಾದವರಿಗೆ 24 ವಾರದವರೆಗೆ ಅವಕಾಶವಿದ್ದು, ಇಬ್ಬರು ವೈದ್ಯರು ಒಪ್ಪಬೇಕು. ವಯಸ್ಕಳಾದರೆ ಅವಳೊಬ್ಬಳ ಒಪ್ಪಿಗೆ ಸಾಕು. ಗಂಡನ ಸಹಿಯನ್ನು ಕಾನೂನು ಕೇಳುವುದಿಲ್ಲ. ಕೇಳುವ ಆಸ್ಪತ್ರೆಗಳಿವೆ, ಅದು ಬೇರೆ ಮಾತು. ಮದುವೆಯಾಗದವರನ್ನು 20 ವಾರದಾಚೆ ಹೊರಗಿಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2022ರಲ್ಲೇ ಹೇಳಿದೆ. ಇತ್ತ, ಕೇಳಿದೊಡನೆ ಸಿಗುವ ಹಕ್ಕಿದು ಎನ್ನುವವರೂ ಕಾಯ್ದೆ ಓದಿದಂತಿಲ್ಲ. ನಿರ್ಧಾರ ಅವಳದಾದರೂ ವೈದ್ಯರ ಅಭಿಪ್ರಾಯ ತಪ್ಪಿದ್ದಲ್ಲ.

ಗರ್ಭಪಾತ ಪಾಪ ಎಂದು ನಂಬುವವರಿದ್ದಾರೆ, ಧಾರಾಳವಾಗಿ ವಾದಿಸಲಿ. ಆದರೆ ಸಾಧಿಸಿ ತೋರಿಸಬೇಕಾದ ‘ಹತ್ಯೆ’ಯನ್ನು ಪದದೊಳಗೇ ತುರುಕಿಕೊಂಡು ಬಂದರೆ ವಾದಕ್ಕೆ ಇನ್ನೇನು ಉಳಿಯಿತು?

ಹೀಗೇ ಇನ್ನೊಂದು: ತುರ್ತು ಗರ್ಭನಿರೋಧಕವನ್ನು ‘ಗರ್ಭಪಾತದ ಮಾತ್ರೆ’ ಎನ್ನುವುದು. ಸಂಭೋಗವಾದ 72 ಗಂಟೆಯೊಳಗೆ ನುಂಗುವ ಲೆವೊನೋರ್ಜೆಸ್ಟ್ರೆಲ್ ಮುಖ್ಯವಾಗಿ ಅಂಡ ಬಿಡುಗಡೆಯಾಗದಂತೆ ತಡೆಯುತ್ತದೆ. ಆಗಲೇ ನಿಂತ ಗರ್ಭವನ್ನು ಅದು ತೆಗೆಯಲಾರದು. ಗರ್ಭ ತೆಗೆಯಲು ಕೊಡುವುದು ಮಿಫೆಪ್ರಿಸ್ಟೋನ್ ಮತ್ತು ಮಿಸೊಪ್ರೊಸ್ಟಾಲ್, ಅದಕ್ಕೆ ವೈದ್ಯರ ಚೀಟಿ ಬೇಕು. ನಿರೋಧ ಎಂದರೆ ತಡೆ. ಗರ್ಭ ನಿಂತ ಮೇಲೆ ತಡೆಯುವುದೇನನ್ನು?