ಹೊಸ ಕ್ಯಾಮೆರಾ ಬಂತು, ಹಕ್ಕಿ ಮಸುಕಾಯ್ತು

"ಹಳೇ ಕ್ಯಾಮೆರಾದಲ್ಲೇ ಚೆನ್ನಾಗಿ ಬರ್ತಿತ್ತು ಸಾರ್. ಇದರಲ್ಲಿ ಏನೋ ಡಿಫೆಕ್ಟ್ ಇದೆ."

ಕ್ಯಾಮೆರಾ ರಿಪೇರಿ ಟೇಬಲ್ ಮುಂದೆ ಕೂತು ಈ ಮಾತು ಎಷ್ಟು ಸಲ ಕೇಳಿದ್ದೇನೋ, ಲೆಕ್ಕ ಇಟ್ಟಿಲ್ಲ. ಹೇಳುವವರು ಹೆಚ್ಚಾಗಿ ಹಕ್ಕಿ ಫೋಟೊ ತೆಗೆಯುವವರೇ. ಮದುವೆ ಫೋಟೊ ತೆಗೆಯುವವರು ಕ್ಯಾಮೆರಾ ಕೆಳಗೆ ಬೀಳಿಸಿಕೊಂಡ ಮೇಲೆ ನನ್ನ ಹತ್ತಿರ ಬರುತ್ತಾರೆ. ಹಕ್ಕಿಯವರು ಹೊಸ ಡಬ್ಬಿ ಬಿಚ್ಚಿದ ಎರಡನೇ ವಾರಕ್ಕೇ ಬರುತ್ತಾರೆ. ಮುಖ ನೋಡಿದರೆ ಪಾಪ ಅನ್ನಿಸುತ್ತದೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನುವ ಗಾದೆ ನಾಲಿಗೆ ತುದಿಗೆ ಬಂದೇ ಬರುತ್ತದೆ. ನುಂಗಿಕೊಳ್ಳುತ್ತೇನೆ. ಯಾಕಂದರೆ ಒಮ್ಮೊಮ್ಮೆ ನೆಲ ನಿಜವಾಗಿಯೂ ಡೊಂಕಿರುತ್ತದೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಒಬ್ಬರು ನಿವೃತ್ತ ಮೇಷ್ಟ್ರು ಲ್ಯಾಪ್‌ಟಾಪ್ ಸಮೇತ ಬಂದಿದ್ದರು. ಹಳೆಯದು 12 ಮೆಗಾಪಿಕ್ಸೆಲ್, ಹೊಸದು 24. ಲೆನ್ಸ್ ಮಾತ್ರ ಅದೇ. ಎರಡರಲ್ಲೂ ತೆಗೆದ ಮೈನಾ ಫೋಟೊಗಳನ್ನು ಅಕ್ಕಪಕ್ಕ ಇಟ್ಟು, ನೂರು ಪರ್ಸೆಂಟ್‌ಗೆ ಹಿಗ್ಗಿಸಿ, "ನೋಡಿ, ನೀವೇ ಹೇಳಿ" ಅಂದರು. ನೋಡಿದೆ. ಹೊಸದರಲ್ಲಿ ಹಕ್ಕಿಯ ಕಣ್ಣು ಮಸುಕು, ಹಳೆಯದರ ಕಣ್ಣು ಚೂಪು. ಅವರು ಹೇಳಿದ್ದು ಸುಳ್ಳಲ್ಲ.

ಆದರೆ ಅವರು ಹೋಲಿಸಿದ್ದು ಒಂದೇ ಅಳತೆಯ ಎರಡು ಹಕ್ಕಿಗಳನ್ನಲ್ಲ. ಇದೊಂದು ವಿಷಯ ಯಾರ ತಲೆಗೂ ಹೋಗುತ್ತಿಲ್ಲವಾದ್ದರಿಂದ ಇಲ್ಲಿ ಸ್ವಲ್ಪ ಎಳೆದು ಹೇಳುತ್ತೇನೆ. ಗೊತ್ತಿದ್ದವರು ಮುಂದಕ್ಕೆ ಹೋಗಿ.

ನೂರು ಪರ್ಸೆಂಟ್ ಅಂದರೆ ಫೋಟೊದ ಒಂದು ಪಿಕ್ಸೆಲ್‌ಗೆ ಪರದೆಯ ಒಂದು ಪಿಕ್ಸೆಲ್. 12 ಮೆಗಾಪಿಕ್ಸೆಲ್‌ನ ನಿಕಾನ್ ಡಿ300 ಕ್ಯಾಮೆರಾ ಕೊಡುವ ಫೋಟೊ 4288 ಪಿಕ್ಸೆಲ್ ಅಗಲ. 24ರ ನಿಕಾನ್ ಡಿ7200 ಕೊಡುವುದು 6000. ಪರದೆ 1920 ಅಗಲದ್ದು ಅಂದುಕೊಳ್ಳಿ. ಹಳೆಯದರ ಪೂರ್ತಿ ಚಿತ್ರ ನೋಡಲು ಎರಡು ಚಿಲ್ಲರೆ ಪರದೆ ಬೇಕು, ಹೊಸದಕ್ಕೆ ಮೂರಕ್ಕಿಂತ ಜಾಸ್ತಿ. ಅಂದರೆ ನೂರು ಪರ್ಸೆಂಟ್‌ನಲ್ಲಿ ಹೊಸ ಕ್ಯಾಮೆರಾದ ಹಕ್ಕಿ 1.4 ಪಟ್ಟು ದೊಡ್ಡದಾಗಿ ಕಾಣುತ್ತದೆ. ಹಕ್ಕಿ ದೊಡ್ಡದಾದಾಗ ಅದರ ಜೊತೆ ಕೈ ನಡುಕವೂ ದೊಡ್ಡದಾಗುತ್ತದೆ, ಫೋಕಸ್ ತಪ್ಪೂ ದೊಡ್ಡದಾಗುತ್ತದೆ. ಕಣ್ಣಿನ ಪೊರೆ ತೆಗೆಸಿಕೊಂಡು ಬಂದವರಿಗೆ ಮನೆ ತುಂಬ ಧೂಳು ಕಂಡ ಹಾಗೆ. ಧೂಳು ಮೊದಲೂ ಇತ್ತು, ಅಲ್ವಾ?

ಮೇಷ್ಟ್ರ ಹೊಸ ಫೋಟೊವನ್ನು ಹಳೆಯದರ ಅಳತೆಗೆ ಇಳಿಸಿ ತೋರಿಸಿದೆ. ಹೆಚ್ಚುಕಮ್ಮಿ ಒಂದೇ ಥರ ಕಂಡವು. ಗರಿಯ ಎಳೆ ಹೊಸದರಲ್ಲಿ ಒಂದು ಕೈ ಮೇಲೇ ಅನ್ನಬಹುದು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ಫೋಟೊದ ವಿವರ ತೆರೆದು ನೋಡಿದರೆ, 500 ಮಿ.ಮೀ ಲೆನ್ಸ್, ಶಟರ್ ಸ್ಪೀಡ್ (ಬೆಳಕು ಒಳಗೆ ಬಿಡುವ ಹೊತ್ತು) ಸೆಕೆಂಡಿನ 1/320, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಚುರುಕು ಅನ್ನುವ ಅಂಕಿ) 400. ನಾನು ಏನೂ ಹೇಳಲಿಲ್ಲ. ಅವರೇ "ನಾಯ್ಸ್ ಬರುತ್ತೆ ಅಂತ ಐಎಸ್‌ಒ ಏರಿಸಲ್ಲ" ಅಂದರು.

ನಾಯ್ಸ್ ಅಂದರೆ ಫೋಟೊ ಮೇಲೆ ಏಳುವ ಕಾಳುಕಾಳು. ಅಲ್ಲೇ ಇರುವುದು ತಂಟೆ. ಐಎಸ್‌ಒ ಏರಿಸದಿದ್ದರೆ ಶಟರ್ ಸ್ಪೀಡ್ ಏರಿಸಲು ಬೆಳಕು ಸಾಲುವುದಿಲ್ಲ. ಒಂದು ಲೆಕ್ಕ ಹಾಕೋಣ. ಡಿ7200ರ ಸೆನ್ಸರ್, ಅಂದರೆ ಒಳಗೆ ಚಿತ್ರ ಹಿಡಿಯುವ ಬಿಲ್ಲೆ, ಸುಮಾರು 23.5 ಮಿ.ಮೀ ಅಗಲ. 500 ಮಿ.ಮೀ ಲೆನ್ಸ್ ಹಾಕಿ 20 ಮೀಟರ್ ದೂರಕ್ಕೆ ಹಿಡಿದರೆ ಫ್ರೇಮಿನೊಳಗೆ ಬರುವುದು ಸುಮಾರು 94 ಸೆಂ.ಮೀ ಅಗಲದ ಜಾಗ. ಅದನ್ನು 6000 ಪಿಕ್ಸೆಲ್‌ಗೆ ಹಂಚಿದರೆ ಹಕ್ಕಿಯ ಮೈಮೇಲೆ ಒಂದು ಪಿಕ್ಸೆಲ್ ಅಂದರೆ 0.16 ಮಿ.ಮೀ. ಈಗ ಹಕ್ಕಿ ಕತ್ತು ತಿರುಗಿಸಿತು. ಸೆಕೆಂಡಿಗೆ ಒಂದು ಮೀಟರ್ ವೇಗ ಅಂತ ಇಟ್ಟುಕೊಳ್ಳಿ, ಹಕ್ಕಿಗೆ ಅದು ದೊಡ್ಡ ವೇಗವೇನಲ್ಲ. 1/500 ಸೆಕೆಂಡಿನಲ್ಲಿ ಅದರ ಕಣ್ಣು 2 ಮಿ.ಮೀ ಸರಿಯಿತು. ಅಲ್ಲಿಗೆ 12 ಪಿಕ್ಸೆಲ್ ಉದ್ದ ಬಳಿದ ಹಾಗಾಯಿತು. 1/2000ಕ್ಕೆ ಹೋದರೆ ಮೂರು ಪಿಕ್ಸೆಲ್. ಲೆನ್ಸ್ ಎಷ್ಟು ಮಿ.ಮೀ ಇದೆಯೋ ಸೆಕೆಂಡಿನ ಅಷ್ಟರಲ್ಲಿ ಒಂದು ಪಾಲು ಶಟರ್ ಸ್ಪೀಡ್ ಸಾಕು, ಅಂದರೆ 500 ಮಿ.ಮೀಗೆ 1/500, ಅನ್ನುವ ಸೂತ್ರ ರೀಲ್ ಕಾಲದ್ದು. ಅದು ನಿಮ್ಮ ಕೈ ನಡುಕಕ್ಕೆ ಹೇಳಿದ್ದು, ಹಕ್ಕಿಯ ಕತ್ತಿಗಲ್ಲ. ನಡುಕ ತಡೆಯಲು ಲೆನ್ಸಿನೊಳಗಿರುವ ಸ್ಟೆಬಿಲೈಸೇಶನ್ ಕೂಡ ಅಷ್ಟೇ. ಅದು ಹಿಡಿದು ನಿಲ್ಲಿಸುವುದು ನಿಮ್ಮನ್ನು, ಹಕ್ಕಿಯನ್ನಲ್ಲ.

ನಾಯ್ಸ್ ಬಂದರೆ ಸಾಫ್ಟ್‌ವೇರ್‌ನಲ್ಲಿ ಎಷ್ಟೋ ತೊಳೆಯಬಹುದು. ಬಳಿದುಹೋದ ಕಣ್ಣನ್ನು ತೊಳೆಯಲು ಆಗುವುದಿಲ್ಲ. ಹೊಸ ಬಾಡಿಯ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಅತಿ ದೊಡ್ಡ ಲಾಭವೇ ಧೈರ್ಯವಾಗಿ ಐಎಸ್‌ಒ ಏರಿಸಬಹುದು ಅನ್ನುವುದು. ಅದನ್ನು ಕೊಂಡುಕೊಂಡು ಹಳೆಯ 400ರಲ್ಲೇ ಕೂತರೆ ಏನು ಬಂತು?

ಇನ್ನೊಂದು ಲೆಕ್ಕವೂ ಆಗಿಬಿಡಲಿ. ಒಂದು ಮಿಂಚುಳ್ಳಿ, ಉದ್ದ 17 ಸೆಂ.ಮೀ. 20 ಮೀಟರ್ ದೂರದಿಂದ ಡಿ7200ರಲ್ಲಿ ಅದಕ್ಕೆ ಸಿಗುವುದು ಸುಮಾರು 1080 ಪಿಕ್ಸೆಲ್. ಹಳೆಯ ಡಿ300 ಹಿಡಿದು 10 ಮೀಟರ್‌ಗೆ ಹೋದರೆ 1550. ಅಂದರೆ ಹತ್ತು ಮೀಟರ್ ಹತ್ತಿರ ಹೋದವನ 2007ರ ಕ್ಯಾಮೆರಾ, ಇದ್ದಲ್ಲೇ ನಿಂತವನ 2015ರ ಕ್ಯಾಮೆರಾವನ್ನು ಸೋಲಿಸುತ್ತದೆ. ನಡುವೆ ಗಾಳಿಯೂ ಕಡಿಮೆ. ಬಿಸಿಲೇರಿದ ಮೇಲೆ ಬಯಲಿನಲ್ಲಿ 60 ಮೀಟರ್ ಆಚೆಗಿನ ಬೆಳ್ಳಕ್ಕಿ ಅಲೆ ಅಲೆಯಾಗಿ ಬಂದಿದೆ ಅಂತ ಕ್ಯಾಮೆರಾ ತರುವವರಿದ್ದಾರೆ. ಬಿಸಿ ಗಾಳಿಯನ್ನು ನಾನು ಹೇಗೆ ರಿಪೇರಿ ಮಾಡಲಿ? ಹಾಗಂತ ಗೂಡಿನ ಹತ್ತಿರ ನುಗ್ಗಬೇಡಿ ಮತ್ತೆ. ಹತ್ತಿರ ಹೋಗುವುದು ಅಂದರೆ ಸುಮ್ನೆ ಒಂದು ಕಡೆ ಕೂತು, ಹಕ್ಕಿಯೇ ಬರುವವರೆಗೆ ಕಾಯುವುದು.

ದೊಡ್ಡ ಸೆನ್ಸರ್ ಆಸೆಗೆ ಬಿದ್ದವರ ಕಥೆ ಬೇರೆ. ಫುಲ್ ಫ್ರೇಮ್, ಅಂದರೆ ಹಳೇ ರೀಲಿನ ಚೌಕದಷ್ಟು ದೊಡ್ಡ ಸೆನ್ಸರ್, ಬಡ್ತಿ ಅಂತಲೇ ತಿಳಿದಿರುತ್ತಾರೆ. ಡಿ300ರಿಂದ ಫುಲ್ ಫ್ರೇಮಿನ ಡಿ750ಗೆ ಹೋದವರು ಅದೇ ಲೆನ್ಸ್ ಹಾಕಿ, ಹಕ್ಕಿ ಚಿಕ್ಕದಾಯಿತು ಅಂತ ಗಾಬರಿಯಾಗುತ್ತಾರೆ. ಆಗಲೇಬೇಕಲ್ಲ! 24 ಮೆಗಾಪಿಕ್ಸೆಲ್ ದೊಡ್ಡ ಸೆನ್ಸರ್ ಪೂರ್ತಿ ಹರಡಿಕೊಂಡಿರುತ್ತದೆ. ಹಳೆಯ ಚಿಕ್ಕ ಸೆನ್ಸರಿನಷ್ಟೇ ಜಾಗ ಕತ್ತರಿಸಿದರೆ ಉಳಿಯುವುದು 10 ಚಿಲ್ಲರೆ ಮೆಗಾಪಿಕ್ಸೆಲ್. ಹಳೆಯದರಲ್ಲಿ 12 ಇತ್ತು. ಹಕ್ಕಿಗೆ ಸಂಬಂಧಪಟ್ಟ ಮಟ್ಟಿಗೆ ಅದು ಹಿಂಬಡ್ತಿ. ಫುಲ್ ಫ್ರೇಮೇ ಆದ ಡಿ850ರಲ್ಲಿ ಈ ಸಂಕಟ ಇಲ್ಲ, 45 ಮೆಗಾಪಿಕ್ಸೆಲ್ ಇರುವುದರಿಂದ ಕತ್ತರಿಸಿದರೂ 19 ಉಳಿಯುತ್ತದೆ. ಲ್ಯಾಂಡ್‌ಸ್ಕೇಪ್, ಮದುವೆ, ರಾತ್ರಿ ಆಕಾಶ ತೆಗೆಯುವವರಿಗೆ ನನ್ನ ಈ ಮಾತು ಅನ್ವಯಿಸದು.

ಹಾಗಾದರೆ ಹೊಸದು ಕೊಳ್ಳಲೇಬಾರದಾ? ಕೊಳ್ಳಿ, ಆದರೆ ಮೆಗಾಪಿಕ್ಸೆಲ್ ನೋಡಿ ಬೇಡ. ಬಫರ್ ನೋಡಿ, ಅಂದರೆ ಕಾರ್ಡಿಗೆ ಬರೆಯುವ ಮುಂಚೆ ಫೋಟೊ ಕೂಡಿಡುವ ಜಾಗ. ನಿಕಾನ್ ಡಿ7100 ಒಳ್ಳೆಯ ಕ್ಯಾಮೆರಾ, ಆದರೆ ರಾ ಫೈಲ್‌ನಲ್ಲಿ (ಸೆನ್ಸರ್ ಕೊಟ್ಟ ಹಸಿ ಫೋಟೊ) ಆರೇಳು ಫ್ರೇಮ್ ತೆಗೆಯುವಷ್ಟರಲ್ಲಿ ಬಫರ್ ತುಂಬುತ್ತದೆ. ಸೆಕೆಂಡಿಗೆ ಆರು ಫ್ರೇಮ್ ಲೆಕ್ಕದಲ್ಲಿ ಅದು ಒಂದು ಸೆಕೆಂಡ್ ಅಷ್ಟೇ. ಮಿಂಚುಳ್ಳಿ ಮೀನು ಹಿಡಿದು ನೀರಿನಿಂದ ಎದ್ದಾಗ ನೀವು ಕಾರ್ಡಿನ ದೀಪ ಮಿಣುಕುವುದನ್ನು ನೋಡುತ್ತಿರುತ್ತೀರಿ. 2016ರ ಡಿ500 ಸೆಕೆಂಡಿಗೆ 10ರಂತೆ 200 ಫ್ರೇಮ್ ಎಳೆಯುತ್ತದೆ, ವೇಗದ ಕಾರ್ಡ್ ಇದ್ದರೆ. ಆಟೊಫೋಕಸ್ ಪಾಯಿಂಟ್‌ಗಳನ್ನೂ (ಫ್ರೇಮಿನಲ್ಲಿ ಕ್ಯಾಮೆರಾ ತಾನೇ ಫೋಕಸ್ ಹಿಡಿಯಬಲ್ಲ ಜಾಗಗಳು) ನೋಡಿ. ಕ್ಯಾನನ್ 7ಡಿಯಲ್ಲಿ 19 ಇದ್ದದ್ದು 7ಡಿ ಮಾರ್ಕ್ 2ರಲ್ಲಿ 65 ಆಯಿತು. ಹಾರುವ ಹಕ್ಕಿ ಫ್ರೇಮಿನ ನಡುವಿನಿಂದ ಸರಿದರೂ ಹಿಡಿತ ಅಷ್ಟು ಸುಲಭಕ್ಕೆ ತಪ್ಪುವುದಿಲ್ಲ. ಇವೆಲ್ಲ ನಿಜವಾದ ಬಡ್ತಿ. ಒಳಗೆ ಕನ್ನಡಿಯೇ ಇಲ್ಲದ ಮಿರರ್‌ಲೆಸ್ ಕ್ಯಾಮೆರಾ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ಹಕ್ಕಿಯ ಕಣ್ಣನ್ನು ತಾನೇ ಹುಡುಕುವ ಕ್ಯಾಮೆರಾಗಳು ಬಂದಿವೆ, ಚೆನ್ನಾಗಿವೆ. ಅವುಗಳಲ್ಲೂ 1/320 ಅಂದರೆ 1/320ಯೇ.

ಈಗ ಡೊಂಕು ನೆಲದ ವಿಷಯ. ಡಿಎಸ್‌ಎಲ್‌ಆರ್‌ನಲ್ಲಿ, ಅಂದರೆ ಡಿ300, ಡಿ7200ರಂಥ ಕನ್ನಡಿ ಇರುವ ಕ್ಯಾಮೆರಾದಲ್ಲಿ, ಫೋಕಸ್ ಅಳೆಯುವ ಸೆನ್ಸರ್ ಬೇರೆ, ಚಿತ್ರ ಹಿಡಿಯುವ ಸೆನ್ಸರ್ ಬೇರೆ. ಮೊದಲನೆಯದು ಕನ್ನಡಿ ಪೆಟ್ಟಿಗೆಯ ತಳದಲ್ಲಿರುತ್ತದೆ. ಎರಡಕ್ಕೂ ದೂರದ ಲೆಕ್ಕ ಕೂದಲೆಳೆ ತಪ್ಪಿದರೂ ಫೋಕಸ್ ಕಣ್ಣಿನ ಬದಲು ಬಾಲಕ್ಕೆ ಬೀಳುತ್ತದೆ. ಹಳೆಯ ಬಾಡಿಗೆ ಸರಿಹೊಂದಿದ್ದ ಲೆನ್ಸ್ ಹೊಸದಕ್ಕೆ ಹೊಂದದೇ ಇರಬಹುದು. ಪತ್ತೆ ಮಾಡುವುದು ಸುಲಭ. ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ನಿಲ್ಲಿಸಿ. ಸಾಮಾನ್ಯವಾಗಿ ಹಕ್ಕಿ ತೆಗೆಯುವಷ್ಟೇ ದೂರದಲ್ಲಿ ಅಕ್ಷರ ಇರುವ ಡಬ್ಬಿ ಇಡಿ. ಕಣ್ಣಿಟ್ಟು ನೋಡುವ ವ್ಯೂಫೈಂಡರ್‌ನಲ್ಲಿ ಹತ್ತು, ಲೈವ್ ವ್ಯೂನಲ್ಲಿ (ಹಿಂದಿನ ಪರದೆ ನೋಡುತ್ತ, ಚಿತ್ರದ ಸೆನ್ಸರಿನಿಂದಲೇ ಫೋಕಸ್ ಹಿಡಿಸುವುದು) ಹತ್ತು ಫೋಟೊ ತೆಗೆಯಿರಿ. ಪ್ರತಿ ಸಲವೂ ಫೋಕಸ್ ಕೆಡಿಸಿ ಮತ್ತೆ ಹಿಡಿಸಿ. ಲೈವ್ ವ್ಯೂನವು ಚೂಪು, ವ್ಯೂಫೈಂಡರ್‌ನವು ಎಲ್ಲವೂ ಒಂದೇ ಕಡೆಗೆ ತಪ್ಪಿದ್ದರೆ ಮೆನುವಿನಲ್ಲಿ ಫೋಕಸನ್ನು ಹಿಂದೆ ಮುಂದೆ ತಿದ್ದುವ ಫೈನ್ ಟ್ಯೂನ್ ಸಾಕು, ಎಷ್ಟೋ ಬಾಡಿಗಳಲ್ಲಿ ಪ್ಲಸ್ 20ರಿಂದ ಮೈನಸ್ 20ರವರೆಗೆ ಜಾಗ ಇದೆ. ಅಲ್ಲೊಂದು ಇಲ್ಲೊಂದು ತಪ್ಪಿದ್ದರೆ ಫೈನ್ ಟ್ಯೂನ್ ಮುಟ್ಟಬೇಡಿ, ಅದರಿಂದ ಸರಿಯಾಗುವ ತೊಂದರೆ ಅದಲ್ಲ. ಎರಡೂ ಮಸುಕಾದರೆ ಅನುಮಾನ ಲೆನ್ಸ್ ಮೇಲೆ.

ಅಥವಾ ಅದರ ಮುಂದಿನ ಗಾಜಿನ ಮೇಲೆ. ಕಳೆದ ವರ್ಷ ಒಬ್ಬರು ಇದೇ ದೂರು ಹೊತ್ತು ಮೂರು ಸಲ ಬಾಡಿ ತಂದರು. ಬಾಡಿಯಲ್ಲಿ ಏನೂ ಇಲ್ಲ. ಲೆನ್ಸ್ ಮಾತ್ರ ಮನೆಯಲ್ಲೇ ಭದ್ರ. ನಾಲ್ಕನೇ ಸಲ ಗದರಿ ಲೆನ್ಸ್ ತರಿಸಿದೆ. ಮುಂದೆ ಒಂದು ಅಗ್ಗದ ಪ್ರೊಟೆಕ್ಷನ್ ಫಿಲ್ಟರ್. ತಿರುಗಿಸಿ ಬಿಚ್ಚಿದೆ, ಒಂದು ಫೋಟೊ ತೆಗೆದು ತೋರಿಸಿದೆ. ಅವರು ಆ ಫಿಲ್ಟರನ್ನು ಬೆಳಕಿಗೆ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ, "ಇದು ಆ ಹಳೇ ಕ್ಯಾಮೆರಾ ಕಾಲದಿಂದಲೂ ಇತ್ತಲ್ಲ ಸಾರ್" ಅಂದರು.