ಡಿಗ್ರಿ ಸಾಲಕ್ಕೆ ಸಹಿ ಹಾಕುವ ಮೊದಲು

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನುಗಾರರ ಊರಾದ ಬೈತಖೋಲದ ಮನೆಗಳಲ್ಲಿ ಕೈಯಲ್ಲಿ ದುಡ್ಡು ಆಡದ ಕಾಲ. ಕಾಲೇಜಿಗೆ ಫೀ ಕಟ್ಟಬೇಕಾದದ್ದೂ ಆಗಲೇ. ಕಾರವಾರದಲ್ಲಿ ಶಿಕ್ಷಣ ಸಾಲದ ಟೇಬಲ್ ನೋಡಿಕೊಳ್ಳುವ ನನ್ನ ಮುಂದೆ ಆ ಎರಡು ತಿಂಗಳು ಒದ್ದೆ ಕೊಡೆಗಳ ಸಾಲು.

ಕೆಲವು ವರ್ಷಗಳ ಹಿಂದೆ ಮೀನು ಮಾರುವ ತಾಯಿಯೊಬ್ಬರು ಮಗಳನ್ನು ಕರೆದುಕೊಂಡು ಬಂದರು. ಪ್ಲಾಸ್ಟಿಕ್ ಕವರಿನೊಳಗೆ ಇನ್ನೊಂದು ಕವರು, ಅದರೊಳಗೆ ಪಿಯುಸಿ ಮಾರ್ಕ್ಸ್ ಕಾರ್ಡು. ಒಂದು ಹನಿಯೂ ತಾಗಿರಲಿಲ್ಲ. ಬೆಂಗಳೂರಿನಲ್ಲಿ ಇಂಜಿನಿಯರಿಂಗ್‌ಗೆ 4 ಲಕ್ಷ ಸಾಲ ಬೇಕಿತ್ತು.

"ಅಡ ಏನೂ ಇಡಬೇಕಿಲ್ಲ ಅಂತೆ, ಹೌದಾ ಸರ್?"

ಹೌದು. ಆದರೆ ಆ 4 ಲಕ್ಷ ಎಷ್ಟಾಗಿ ಬೆಳೆಯುತ್ತದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಹಾಳೆ ತೆಗೆದು ಬರೆದು ತೋರಿಸಿದೆ. ಬಡ್ಡಿ ಶೇ. 10 ಅಂತ ಇಟ್ಟುಕೊಳ್ಳಿ, ವರ್ಷಕ್ಕೆ 1 ಲಕ್ಷದಂತೆ ಸಾಲ ಬಿಡುಗಡೆ. ಮೊದಲ ವರ್ಷದ ಬಡ್ಡಿ 10 ಸಾವಿರ, ಆಮೇಲೆ 20, 30, 40. ಓದು ಮುಗಿದ ಮೇಲೆ ಸಿಗುವ ಒಂದು ವರ್ಷದ ಬಿಡುವಿಗೆ ಮತ್ತೆ 40. ಕಂತು ಶುರುವಾಗುವಾಗ ಸಾಲ 5.4 ಲಕ್ಷ. 10 ವರ್ಷ ತಿಂಗಳಿಗೆ ಸುಮಾರು 7,100 ರೂಪಾಯಿ!

ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದೊಳಗಿದ್ದರೆ, ತಾಂತ್ರಿಕ ಮತ್ತು ವೃತ್ತಿಪರ ಕೋರ್ಸುಗಳಿಗೆ ಈ ಐದು ವರ್ಷದ ಬಡ್ಡಿಯನ್ನು ಕೇಂದ್ರ ಸರ್ಕಾರವೇ ತುಂಬುವ ಯೋಜನೆ ಇದೆ. ಅದಕ್ಕೆ ಇಂಜಿನಿಯರಿಂಗ್ ಆದರೆ ಕಾಲೇಜಿಗೆ ನ್ಯಾಕ್ ಅಥವಾ ಕೋರ್ಸಿಗೆ ಎನ್‌ಬಿಎ ಮಾನ್ಯತೆ ಬೇಕು; ಇವೆರಡೂ ಗುಣಮಟ್ಟ ಅಳೆಯುವ ಸಂಸ್ಥೆಗಳು. ಅವರು ಆರಿಸಿಕೊಂಡ ಕಾಲೇಜಿಗೆ ಎರಡೂ ಇರಲಿಲ್ಲ. ಇದನ್ನು ಸೀಟು ಹಿಡಿಯುವ ಮೊದಲೇ ವಿಚಾರಿಸಿ, ದಯವಿಟ್ಟು. ಓದು ನಡುವೆ ಬಿಟ್ಟರೂ ಆ ಸಹಾಯ ಸಿಗುವುದಿಲ್ಲ. ನಾನು ಕಂಡ ದೊಡ್ಡ ಸಂಕಟ ಅದೇ: ಡಿಗ್ರಿಯೂ ಇಲ್ಲ, ಸಾಲವೂ ತೀರಿಲ್ಲ.

"ತಂಗಿ, ನಿನಗೆ ಮುಂದೆ ಏನಾಗಬೇಕು?" ಅಂದೆ.

"ಬ್ಯಾಂಕಲ್ಲೋ ಸರ್ಕಾರಿ ಆಫೀಸಲ್ಲೋ ಕೆಲಸ ಮಾಡಬೇಕು ಸರ್."

ಅದಕ್ಕೆ ಇಂಜಿನಿಯರಿಂಗೇ ಬೇಕಿಲ್ಲ ಅಲ್ವಾ? ಬ್ಯಾಂಕ್ ಕ್ಲರ್ಕ್ ಪರೀಕ್ಷೆಗೆ ಯಾವ ಡಿಗ್ರಿಯಾದರೂ ನಡೆಯುತ್ತದೆ. ಸರ್ಕಾರಿ ಕಚೇರಿಯ ದ್ವಿತೀಯ ದರ್ಜೆ ಸಹಾಯಕ (ಎಸ್‌ಡಿಎ) ಹುದ್ದೆಗೆ ಪಿಯುಸಿ ಸಾಕು, ಪ್ರಥಮ ದರ್ಜೆ ಸಹಾಯಕ (ಎಫ್‌ಡಿಎ) ಹುದ್ದೆಗೆ ಡಿಗ್ರಿ ಬೇಕು. ಕಾರವಾರದ ಸರ್ಕಾರಿ ಕಾಲೇಜಿನಲ್ಲಿ ಬಿಕಾಂ ಮಾಡಿದರೆ ಮನೆಯಿಂದಲೇ ಓಡಾಡಬಹುದು, ಫೀ ಕೆಲವೇ ಸಾವಿರ. ಮೂರು ವರ್ಷ ದುಡಿಮೆ ಇಲ್ಲ ಅನ್ನುವುದೂ ಖರ್ಚೇ, ಅದನ್ನೂ ಹೇಳಿದೆ.

ತಾಯಿ ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು: "ದುಡ್ಡು ಕಟ್ಟೋ ಚೀಟಿ ತುಂಬೋಕೆ ನಾನು ಇನ್ನೊಬ್ಬರ ಮುಖ ನೋಡ್ತೇನೆ ಸರ್. ಇವಳು ನೋಡಬಾರದು."

ನನ್ನ ಹಾಳೆಯಲ್ಲಿ ಆ ಮಾತಿಗೆ ಜಾಗವೇ ಇರಲಿಲ್ಲ. ಆದರೂ ಮಗಳನ್ನು ಓದಿಸಲು ಅದು 7,100ರ ಲೆಕ್ಕದಷ್ಟೇ ಗಟ್ಟಿ ಕಾರಣ. ಹುಡುಗಿ ಬಿಕಾಂ ಸೇರಿದಳು.

ಇಂಜಿನಿಯರಿಂಗ್, ನರ್ಸಿಂಗ್ ನಿಜಕ್ಕೂ ಬೇಕು ಅನ್ನುವ ಮಕ್ಕಳು ಸಾಲಕ್ಕೆ ಹೆದರಬೇಕಿಲ್ಲ. ಬಡ್ಡಿ ಸಹಾಯ ಸಿಗದಿದ್ದರೆ ಆಗಸ್ಟಿನಲ್ಲಿ ದೋಣಿ ಇಳಿದ ಮೇಲೆ ತಿಂಗಳ ಬಡ್ಡಿ ಕಟ್ಟುತ್ತಾ ಬನ್ನಿ. 1 ಲಕ್ಷಕ್ಕೆ ತಿಂಗಳಿಗೆ 830 ರೂಪಾಯಿ ಚಿಲ್ಲರೆ. ಹಾಗೆ ಕಟ್ಟುವವರಿಗೆ ಎಷ್ಟೋ ಬ್ಯಾಂಕುಗಳು ಬಡ್ಡಿಯಲ್ಲಿ ಶೇ. 1 ಕಡಿಮೆ ಮಾಡುತ್ತವೆ. ಸಹಿ ಹಾಕುವ ದಿನವೇ ಕೇಳಿ.